ಹಾರ ಹಾಕಿದ ಫೋಟೋ

ಫೋಟೋಗೆ ಹಾಕಿದ ಗಂಧದ ಹಾರ ಕಂಡರೆ ನನಗೆ ಈಗಲೂ ಮೊಳಕಾಲ್ಮುರಿನ ಅಜ್ಜಿಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಚಿಕ್ಕಮ್ಮ ಬೆಂಗಳೂರಿನಲ್ಲಿ ಧಾರಾವಾಹಿ ನಟಿಯಾಗಿದ್ದಳು. ಚೆನ್ನಾಗಿ ಹಾಡುತ್ತಲೂ ಇದ್ದಳು. ಅಂದು ಟಿ.ವಿ.ಯಲ್ಲಿ ಅವಳ ಪಾತ್ರ ಸತ್ತು, ಅವಳ ಫೋಟೋಗೆ ಗಂಧದ ಹಾರ ಹಾಕಿದರು. ರೇಷ್ಮೆ ಸೀರೆ ನೇಯುತ್ತಿದ್ದ ಅಜ್ಜಿ ಲಾಳಿ ಬಿಟ್ಟು ಎದ್ದಳು.

"ಬದುಕಿರೋಳಿಗೆ ಹಾರ ಹಾಕ್ತಾರೇನೇ? ಅವಳಿಗೆ ಫೋನ್ ಮಾಡಿ ಕೊಡು" ಎಂದು ನನ್ನ ಅವ್ವನನ್ನು ಗದರಿದಳು.

ಸ್ಪೀಕರಿನಲ್ಲಿ ಚಿಕ್ಕಮ್ಮ ನಕ್ಕಿದ್ದು ನಮಗೆಲ್ಲ ಕೇಳಿಸಿತು. "ನನ್ನ ಪಾತ್ರ ಮುಗಿಸಿದ್ರು ಕಣವ್ವ, ಅಷ್ಟೇ. ನಾನು ಚೆನ್ನಾಗಿದೀನಿ."

"ಹಂಗಾದ್ರೆ ಒಂದು ಪದ ಹಾಡು."

ಮಗ್ಗದ ಪಕ್ಕ ಕೂತು ಕಲಿತ ಪದವನ್ನೇ ಅವಳು ಎತ್ತಿಕೊಂಡಳು. ಎರಡನೇ ಸಾಲಿಗೆ ದನಿ ನಿಂತುಹೋಯಿತು.

ಅಜ್ಜಿ ಫೋನನ್ನು ಹತ್ತಿರಕ್ಕೆ ಎಳೆದುಕೊಂಡಳು.

"ನಾಳೆ ಚಳ್ಳಕೆರೆವರೆಗೂ ಬಸ್ಸಿಗೆ ಬಂದ್ಬಿಡು. ಅಲ್ಲಿಂದ ನಾನು ಕರ್ಕೊಂಡ್ ಬರ್ತೀನಿ" ಎಂದಳು.