ಫೋಟೋದ ಬಲ ಮೂಲೆ

"ಅಯ್ಯೋ, ತಡಿಯಮ್ಮ, ತಡಿ!" ಎಂದು ಅಜ್ಜಿ ಕೂಗಿದ ರಭಸಕ್ಕೆ ದಾಖಲೆ ಸಂಗ್ರಹಾಲಯದ ಸಹಾಯಕಿಯ ಕೈ ಮೌಸಿನ ಮೇಲೆಯೇ ನಿಂತಿತು. ಕಂಪ್ಯೂಟರಿನ ಪರದೆಯ ಮೇಲೆ ಊರಿನ ಹಳೆಯ ಸೇತುವೆ ಇನ್ನೂ ಅರ್ಧ ಕಟ್ಟಿದ ಸ್ಥಿತಿಯಲ್ಲಿತ್ತು. ಫೋಟೋದ ಬಲ ಮೂಲೆಯಲ್ಲಿ ದಪ್ಪನೆಯ ಮಸುಕು ಕಲೆ. ಊರಿನ ಹಳೆಯ ಫೋಟೋಗಳ ಪ್ರದರ್ಶನದಲ್ಲಿ ಚೊಕ್ಕವಾಗಿ ಕಾಣಲೆಂದು ಸಹಾಯಕಿ ಅದನ್ನು ಕತ್ತರಿಸಿ ತೆಗೆಯುವುದರಲ್ಲಿದ್ದಳು.

"ಬರೀ ಕಲೆ ಅಲ್ವಾ ಅಜ್ಜಿ ಅದು?"

"ಕಲೆಯಂತೆ ಕಲೆ! ನಮ್ಮನೆಯವರ ಹೆಬ್ಬೆರಳು ಕಣಮ್ಮ." ಫೋಟೋಗಳ ಡಬ್ಬ ಹೊತ್ತು ತಂದಿದ್ದ ಅಜ್ಜಿ, ಊರಿಗೊಬ್ಬನೇ ಇದ್ದ ಫೋಟೋಗ್ರಾಫರನ ಹೆಂಡತಿ. "ಕ್ಯಾಮೆರಾ ಹಿಡಿದ್ರೆ ಸಾಕು, ಬೆರಳು ಅಡ್ಡ ಬರೋದು. ಕೆಟ್ಟುಹೋದ ಪ್ರಿಂಟೆಲ್ಲ ಮನೇಲಿ ತಂದು ಗುಡ್ಡೆ ಹಾಕೋರು. ಬೈದು ಬೈದು ನನ್ನ ಬಾಯಿ ನೋಯ್ತೇ ಹೊರತು ಆ ಬೆರಳು ಸರೀಲಿಲ್ಲ."

ಸಹಾಯಕಿಗೆ ನಗು ತಡೆಯಲಾಗಲಿಲ್ಲ. "ಹಾಗಾದ್ರೆ ಅವರದೇ ಒಂದು ಒಳ್ಳೆ ಫೋಟೋ ಕೊಡಿ ಅಜ್ಜಿ, ಸೇತುವೆ ಪಕ್ಕದಲ್ಲೇ ಹಾಕೋಣ."

"ಎಲ್ಲಿಂದ ತರಲಿ? ಊರಿಗೆಲ್ಲ ಫೋಟೋ ತೆಗೆಯೋರು ಅವರೊಬ್ಬರೇ. ಅವರದನ್ನ ಯಾರು ತೆಗೀಬೇಕಿತ್ತು?"

ಅಜ್ಜಿ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡು, ಆ ಮಸುಕಿನ ಮೇಲೆ ತನ್ನ ಹೆಬ್ಬೆರಳನ್ನು ಮೆಲ್ಲಗೆ ಒತ್ತಿ ಹಿಡಿದಳು.

"ಜಾಗ ಸಾಲದಿದ್ರೆ ಸೇತುವೆ ಕತ್ತರಿಸ್ಕೊಳ್ಳಮ್ಮ. ಇವರು ಇರಲಿ."