ಅಮ್ಮನಿಗೆ ಬಳೆ ತೊಡಿಸಿದ ಬೆಳಿಗ್ಗೆ

ಪಾತ್ರೆ ಸೋಪಿನ ನಿಂಬೆ ವಾಸನೆ ಬಂದರೆ ಈಗಲೂ ಅಮ್ಮನ ಊದಿಕೊಂಡ ಕೈ ನನ್ನ ಕೈಯೊಳಗಿದ್ದಂತಾಗುತ್ತದೆ.

ನಾವು ಪರದೇಶದ ಹರ್ನ್‌ಡನ್‌ಗೆ ಬಂದು ಸಾಮಾನು ಬಿಚ್ಚಿ ಮುಗಿಸುವಷ್ಟರಲ್ಲಿ ಲಾಕ್‌ಡೌನ್ ಆಗಿ ವಿಮಾನಗಳು ನಿಂತುಹೋದವು. ಅಮ್ಮನಿಗೆ ಏಳು ತಿಂಗಳು ತುಂಬಿತ್ತು. ಬಳೆ ತೊಡಿಸಲು ಬರಬೇಕಿದ್ದ ಅಜ್ಜಿ ಮೈಸೂರಿನಲ್ಲೇ ಉಳಿದರು. ಹೊರಡುವಾಗ ಅವರು ಸೀರೆಯಲ್ಲಿ ಸುತ್ತಿ ಕೊಟ್ಟಿದ್ದ ಹಸಿರು ಗಾಜಿನ ಬಳೆಗಳು ಅಮ್ಮನ ಕೈಗೆ ಏರಲೇ ಇಲ್ಲ. ಒಡೆದರೆ ಅಪಶಕುನವೆಂದು ಅಮ್ಮನ ಕಣ್ಣು ತುಂಬಿತು. ಅಪ್ಪ ಪಾತ್ರೆ ಸೋಪು ಹಚ್ಚಿ ತಳ್ಳತೊಡಗಿದರು.

“ಅಳಿಯಂದ್ರೇ, ಅದು ಬಳೆ, ಬಾಟ್ಲಿ ಮುಚ್ಚಳ ಅಲ್ಲ!” ವಿಡಿಯೊ ಕರೆಯಲ್ಲಿ ನೋಡುತ್ತಿದ್ದ ಅಜ್ಜಿ ಫೋನಿನೊಳಗಿಂದ ಕೂಗಿದರು. “ಪುಟ್ಟೀ, ನೀನು ಬಾ. ಅಮ್ಮನ ಹೆಬ್ಬೆರಳು ಒಳಕ್ಕೆ ಮಡಚು. ಗೆಣ್ಣನ್ನ ಮೆತ್ತಗೆ ಒತ್ತು. ತಿರುಗಿಸ್ತಾ ತಿರುಗಿಸ್ತಾ ಏರಿಸು.”

“ಅಜ್ಜಿ, ಐ ಕಾಂಟ್. ಒಡೆದ್ಹೋಗತ್ತೆ!”

“ಒಡೆಯಲ್ಲ ಕಣೇ. ನನ್ನ ಕೈ ಅಂದ್ಕೊಂಡು ಹಾಕು.”

ಉಸಿರು ಬಿಗಿಹಿಡಿದು ಹಾಕಿದೆ. ಒಂದೊಂದಾಗಿ ಎಲ್ಲ ಬಳೆಯೂ ಏರಿತು.

“ಹೊಟ್ಟೆ ಹತ್ರ ಕೈ ಆಡಿಸು, ಮಗು ಕೇಳಲಿ” ಎಂದರು ಅಜ್ಜಿ. ಅಮ್ಮ ಆಡಿಸಿದಳು. ಆಮೇಲೆ ಅಜ್ಜಿ ಸಣ್ಣ ದನಿಯಲ್ಲಿ ಕೇಳಿದರು: “ಫೋನ್ ಹತ್ರಾನೂ ಒಂದ್ಸಲ ಆಡಿಸೇ, ನಾನೂ ಕೇಳ್ತೀನಿ.”