ಗೆಜ್ಜೆ ಚೆಂಡು

ಕ್ಲಾಸಿನವರ ಕೂಗಾಟದ ನಡುವೆ ಚೆಂಡು ಮತ್ತೆ ಗೋಲಿನೊಳಗೆ ಹೋಯಿತು. ಎರಡು ಸ್ಕೂಲ್ ಬ್ಯಾಗುಗಳ ನಡುವೆ ನಿಂತಿದ್ದ ಹುಡುಗಿ ಎಡಕ್ಕೆ ಬಿದ್ದಿದ್ದಳು. ಚೆಂಡು ಬಲಗಡೆ ಉರುಳಿ ಹೋಗಿತ್ತು. "ಪರವಾಗಿಲ್ಲ! ಪರವಾಗಿಲ್ಲ!" ಎಂದು ಇಡೀ ಕ್ಲಾಸು ಚಪ್ಪಾಳೆ ತಟ್ಟಿತು.

ಅವಳಿಗೆ ಹುಟ್ಟಿನಿಂದ ಕಣ್ಣು ಕಾಣಿಸದು. ಇಷ್ಟು ದಿನ ಆಟದ ಪಿರಿಯಡ್ ಎಂದರೆ ಮರದ ಕೆಳಗೆ ಕೂತು ಎಲ್ಲರ ನೀರಿನ ಬಾಟಲಿ ಕಾಯುವುದೇ ಅವಳ ಪಾಲು. ಇವತ್ತು ಮೇಷ್ಟ್ರು ಒಳಗೆ ಗೆಜ್ಜೆಯಿದ್ದ ಚೆಂಡು ತಂದಿದ್ದರು. ಅವರು ಉರುಳಿಸಬೇಕು, ಅವಳು ಸದ್ದು ಹಿಡಿದು ತಡೆಯಬೇಕು.

"ಬಾಯಿ ಮುಚ್ರೋ!" ಅವಳು ಮೊಣಕೈ ಧೂಳು ಕೊಡವುತ್ತಾ ಎದ್ದಳು. "ಇನ್ನೊಂದು ಬಿಟ್ರೆ ನಾನು ಬಾಟಲಿ ಹತ್ರಾನೇ ಹೋಗಿ ಕೂತ್ಕೋತೀನಿ."

ಎಲ್ಲರಿಗಿಂತ ಜೋರಾಗಿ ಕೂಗಿದವನು ಮೈಕು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ, ಆದರೆ ಆ ಗಂಟಲಿಗೆ ಇದೇ ಸರಿ. ಅವನ ಮುಖ ಸಪ್ಪಗಾಯಿತು. "ಅವಳಿಗೆ ಹುರುಪು ಬರಲಿ ಅಂತ ತಾನೇ ಕಿರುಚಿದ್ದು? ಒಳ್ಳೇದು ಮಾಡಿದ್ರೂ ಬೈಸ್ಕೋಬೇಕು ನೋಡಿ ಸಾರ್!"

ಮೇಷ್ಟ್ರು ಉಪದೇಶಕ್ಕೆ ಇಳಿಯಲಿಲ್ಲ, ಪುಣ್ಯ. ಹೆಗಲ ಮೇಲಿನ ಟವೆಲ್ಲನ್ನು ಮೈಕುವಿನ ಕಣ್ಣಿಗೆ ಬಿಗಿಯಾಗಿ ಕಟ್ಟಿ ಬ್ಯಾಗುಗಳ ನಡುವೆ ನಿಲ್ಲಿಸಿದರು. "ಇವನಿಗೂ ಸ್ವಲ್ಪ ಹುರುಪು ಕೊಡ್ರಪ್ಪ!"

ಮಕ್ಕಳಿಗೆ ಅಷ್ಟು ಸಾಕಿತ್ತು, ಮುಗಿಲು ಮುಟ್ಟುವ ಹಾಗೆ ಅರಚಿದರು. ಮೈಕು ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿದ, ಕೈ ಚಾಚಿ ಗಾಳಿ ತಡಕಿದ, ಎತ್ತ ಬೀಳಬೇಕೋ ತಿಳಿಯದೆ ನಿಂತೇ ಬಿಟ್ಟ.

"ಬಿಟ್ರಾ ಸಾರ್ ಚೆಂಡು?"

ಚೆಂಡು ಅವನ ಕಾಲ ಪಕ್ಕದಲ್ಲೇ ಹಾದು ಆಗಲೇ ಗೋಡೆ ಮುಟ್ಟಿತ್ತು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಟವೆಲ್ ಬಿಚ್ಚಿದ ಮೈಕು ನಗಲಿಲ್ಲ. ನೇರ ಹುಡುಗಿಯ ಹತ್ತಿರ ಹೋದ.

"ಏನೂ ಕೇಳಿಸ್ಲಿಲ್ಲ ಕಣೇ." ಅವನ ಬಾಯಲ್ಲಿ ಅಷ್ಟು ಸಣ್ಣ ದನಿಯನ್ನು ಯಾರೂ ಕೇಳಿರಲಿಲ್ಲ.

"ನಂಗೆ ಗೊತ್ತು. ಸರಿ, ಪಕ್ಕಕ್ಕೆ ಹೋಗು."

ಅವನು ತುಟಿಯ ಮೇಲೆ ಬೆರಳಿಟ್ಟು ಎಲ್ಲರನ್ನೂ ದುರುಗುಟ್ಟಿ ನೋಡಿದ. ಮೈದಾನ ಗಪ್‌ಚುಪ್. ಚೆಂಡು ಘಲ್ ಘಲ್ ಎನ್ನುತ್ತಾ ಬಂತು, ನಡುವೆ ಬಲಕ್ಕೆ ವಾಲಿತು. ಹುಡುಗಿ ಮೈ ಚೆಲ್ಲಿ ಹಾರಿದಳು. ಗೆಜ್ಜೆಯ ಸದ್ದು ಅವಳ ಹೊಟ್ಟೆಯ ಕೆಳಗೆ ನಿಂತಿತು.

ಯಾರೂ ಉಸಿರೆತ್ತಲಿಲ್ಲ. ಮೈಕು ಎರಡೂ ಕೈಯಿಂದ ಬಾಯಿ ಒತ್ತಿ ಹಿಡಿದಿದ್ದ, ಕಣ್ಣು ತುಂಬಿತ್ತು.

ಅವಳು ಚೆಂಡನ್ನು ಅಪ್ಪಿಕೊಂಡು ಮಣ್ಣಲ್ಲೇ ಎದ್ದು ಕೂತಳು. ಒಂದು ಗಳಿಗೆ ಕಿವಿಗೊಟ್ಟಳು.

"ಹಿಡಿದಿದೀನಿ ಕಣ್ರೋ! ಈಗ ಕಿರುಚೋಕೆ ನಿಮಗೇನು ರೋಗ?"